ವಾಶರ್ ಗೊತ್ತಿಲ್ಲದ ಲೀಡರ್‌ಶಿಪ್

ಇವತ್ತು ಮತ್ತೊಬ್ಬ ಕನ್ಸಲ್ಟೆಂಟರ ಪೋಸ್ಟ್ ಕಣ್ಣಿಗೆ ಬಿತ್ತು. ಹತ್ತು ದೇಶ, ಹದಿನೈದು ನೀರಿನ ಪ್ರಾಜೆಕ್ಟ್; ಡೆವಲಪ್‌ಮೆಂಟ್ ಕನ್ಸಲ್ಟಿಂಗ್, ಅಂದ್ರೆ ಅಭಿವೃದ್ಧಿ ಯೋಜನೆಗಳಿಗೆ ಸಲಹೆ ಕೊಡೋ ಕಸುಬು, ತಮ್ಮನ್ನು ಲೀಡರ್ ಮಾಡಿತಂತೆ. ಆಗಲಿ ಮಾರಾಯ, ಸಂತೋಷ. ಆ ಹದಿನೈದರಲ್ಲಿ ಈಗ ಎಷ್ಟು ಕಡೆ ನೀರು ಬರ್ತಿದೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಈ ಕಸುಬಿನಲ್ಲಿ ಮನುಷ್ಯರನ್ನು ತಿದ್ದೋದು ಊರಲ್ಲ, ಟೆಂಡರ್. ವಿಶ್ವಬ್ಯಾಂಕ್ ಸಾಲದ ಕೆಲಸ ತಗೊಳ್ಳಿ. ಕೆಲಸ ಹೇಗೆ, ಯಾರು ಮಾಡ್ತಾರೆ ಅನ್ನೋ ತಾಂತ್ರಿಕ ಲಕೋಟೆ ಬೇರೆ, ದರದ ಲಕೋಟೆ ಬೇರೆ. ಮೊದಲನೆಯದರಲ್ಲಿ ಕನಿಷ್ಠ ಅಂಕ ಬಂದರಷ್ಟೇ ಎರಡನೆಯದನ್ನು ಒಡೆಯೋದು. ಅಂಕಕ್ಕೆ 80:20 ತೂಕ ಇಟ್ಟರೆ 80 ತಾಂತ್ರಿಕಕ್ಕೆ, 20 ದರಕ್ಕೆ; ತಾಂತ್ರಿಕದಲ್ಲಿ ದೊಡ್ಡ ಪಾಲು ತಜ್ಞರ ಬಯೋಡೇಟಾಗೆ. ಹಾಗಾಗಿ ದೊಡ್ಡ ಹೆಸರು ತೋರಿಸಿ ಗೆಲ್ಲೋದು, ಆಮೇಲೆ ಆ ಹೆಸರಿಗೆ ದಿಢೀರ್ 'ಅನಾರೋಗ್ಯ', ಫೀಲ್ಡಿಗೆ ಜೂನಿಯರ್. ಬಿಲ್ ಪಾಸಾಗೋದು ಇನ್ಸೆಪ್ಶನ್ (ಆರಂಭದ) ರಿಪೋರ್ಟಿಗೆ, ಡ್ರಾಫ್ಟಿಗೆ, ಫೈನಲ್‌ಗೆ. ನೀರಿಗಲ್ಲ.

ಇಂಡಿಯಾ ಮಾರ್ಕ್ 2 ಕೈಪಂಪು ನೆನಪಿದೆಯಲ್ಲ, ಶಾಲೆ ಮುಂದೆ ಇರ್ತಿತ್ತಲ್ಲ, ಅದೇ. ಅದರಲ್ಲಿ ಸವೆಯೋದು ಬೋರಿನೊಳಗಿನ ಸಿಲಿಂಡರಿನ ವಾಶರ್, ಅಂದ್ರೆ ನೀರು ಸೋರದಂತೆ ತಡೆಯೋ ಬಳೆ. ಚಿಲ್ಲರೆ ಕಾಸಿನ ವಸ್ತು. ಆದರೆ ಅದನ್ನು ಬದಲಿಸೋಕೆ ಕಬ್ಬಿಣದ ಪೈಪನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು: ಬೇರೆಯದೇ ಟೂಲು, ಗಾಡಿ, ಒಂದು ಗುಂಪು ಆಳು. ಗಾಡಿ ಬರೋತನಕ ಪಂಪು ಗೊರಕೆ ಹೊಡೀತಾ ನಿಂತಿರುತ್ತೆ. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ ಯುಎನ್‌ಡಿಪಿ ಮತ್ತು ವಿಶ್ವಬ್ಯಾಂಕ್ ಕೊಯಮತ್ತೂರು ಕಡೆ ವರ್ಷಗಟ್ಟಲೆ ಪಂಪುಗಳನ್ನು ಪರೀಕ್ಷೆಗೆ ಹಚ್ಚಿದ್ದಕ್ಕೇ ಮಾರ್ಕ್ 3 ಬಂತು. ಪೈಪು ಅಗಲ, ರಾಡಿನ ಜೊತೆ ಪಿಸ್ಟನ್ ಮಾತ್ರ ಮೇಲೆ ಬರುತ್ತೆ, ಪೈಪು ಇದ್ದಲ್ಲೇ ಇರುತ್ತೆ. ಖರ್ಚು ಜಾಸ್ತಿ, ಹೌದು. ಆದರೆ ಈ ಬುದ್ಧಿ ಬಂದದ್ದು ಸವೆದ ವಾಶರ್ ಎಣಿಸುತ್ತಾ ಕೂತವರಿಗೆ.

ಕೂರದವರು ಮಾಡಿದ್ದು ಪ್ಲೇಪಂಪ್. ದಕ್ಷಿಣ ಆಫ್ರಿಕಾ ಕಡೆ ಮಕ್ಕಳು ಗಿರಗಿರ ತಿರುಗೋ ಆಟದ ಚಕ್ರದಲ್ಲಿ ಆಡಿದರೆ ನೀರು ಮೇಲೇರಬೇಕಿತ್ತು. 2006ರಲ್ಲಿ ಅಮೆರಿಕದ ದುಡ್ಡು, ಚಪ್ಪಾಳೆ. ಮಕ್ಕಳಿಗೆ ಬೇಸರ ಬಂದಮೇಲೆ ಹೆಂಗಸರೇ ಅದನ್ನು ತಿರುಗಿಸಿದರು. ಕೆಟ್ಟರೆ ರಿಪೇರಿ ಊರವರ ಕೈಲಾಗಲಿಲ್ಲ.

'ನಾಲ್ಕು ದೇಶ ಸುತ್ತಿದರೆ ದೃಷ್ಟಿ ವಿಶಾಲ ಆಗಲ್ವಾ?' ಆಗುತ್ತೆ ಸ್ವಾಮಿ. ಮಂತ್ರಿ, ಇಂಜಿನಿಯರು, ಸಾಲ ಕೊಟ್ಟವರು ಮೂವರನ್ನೂ ಒಂದೇ ಮೇಜಿಗೆ ಕೂರಿಸೋ ಚಾಕಚಕ್ಯವೂ ಬರುತ್ತೆ. ಆದರೆ ರಿಪೋರ್ಟ್ ಒಪ್ಪಿಸಿ ಹೊರಡೋದನ್ನೇ ಇಪ್ಪತ್ತು ವರ್ಷ ರೂಢಿ ಮಾಡ್ಕೊಂಡವರಿಗೆ ಒಂದು ಸಂಸ್ಥೆ ಕೊಟ್ಟು ನೋಡಿ: ಮೊದಲ ತಿಂಗಳು ಸ್ಟ್ರಾಟೆಜಿ, ಆರನೇ ತಿಂಗಳು ಲಾಗ್‌ಫ್ರೇಮ್ ಅನ್ನೋ ಗುರಿ-ಫಲಿತಾಂಶದ ಕೋಷ್ಟಕ, ಮೂರನೇ ವರ್ಷ ಬೀಳ್ಕೊಡುಗೆ. (ನಾಲಿಗೆ ಇವತ್ತು ಹುಳಿಯಾಗಿದೆ, ಗೊತ್ತು.)

ಇಂಥವರನ್ನು ಕೆಲಸಕ್ಕೆ ತಗೊಳ್ಳೋರು, ಎಷ್ಟು ದೇಶ ಸುತ್ತಿದ್ರಿ ಅಂತ ಕೇಳಬೇಡಿ. ಪ್ರಾಜೆಕ್ಟ್ ಮುಗಿದು ಎರಡು ವರ್ಷದ ಮೇಲೆ ಅಲ್ಲಿಗೆ ಹೋಗಿದ್ರಾ, ಸ್ಪೇರ್ ಎಲ್ಲಿ ಸಿಗ್ತಿತ್ತು, ಮೆಕ್ಯಾನಿಕ್ ಸಂಬಳ ಯಾರು ಕೊಡ್ತಿದ್ರು, ಅದನ್ನ ಕೇಳಿ.