ಬಸುರಿ, ಹಡಗು ಮತ್ತು 23 ವಾರದ ಲೆಕ್ಕ

ಕುಬಸ (ಸೀಮಂತ) ಅಂದರೆ ಹಸಿರು ಸೀರೆ, ಬಳೆ, ಬುತ್ತಿ ಇದ್ದದ್ದೇ. ಈಗ ಅದರ ಜೊತೆಗೆ ಗಂಡ ಹೆಂಡತಿ ಇಬ್ಬರೇ ‘ಬೇಬಿಮೂನ್’ ಅಂತ ಮುಂಬೈನಿಂದ ಹಡಗು ಹತ್ತುವ ಆಸೆಯೂ ಬಳ್ಳಾರಿ, ಗಂಗಾವತಿ, ರಾಯಚೂರಿನ ಮನೆಗಳಿಗೆ ಬಂದಿದೆ. ಅತ್ತೆ "ಬಸುರಿ ಹೆಂಗಸು ಹೊಳಿ ದಾಟಬಾರದು ಅಂತಾರ, ನೀವು ಸಮುದ್ರ ಅಂತೀರಿ" ಅಂತಾರೆ. ಏಜೆಂಟ್ "ಏನೂ ಆಗಲ್ಲ ಮೇಡಂ, ದೊಡ್ಡ ಹೋಟೆಲ್ ಇದ್ದಂಗ ಇರ್ತದ" ಅಂತಾನೆ. ಇಬ್ಬರ ಮಾತನ್ನೂ ಒಂದು ಗಳಿಗೆ ಬದಿಗಿಟ್ಟು ತಾಯಿ ಕಾರ್ಡ್ ಮತ್ತು ಕ್ಯಾಲೆಂಡರ್ ತೆಗೆಯಿರಿ.

ಹೆಚ್ಚಿನ ಕ್ರೂಸ್ ಕಂಪನಿಗಳು 24ನೇ ವಾರಕ್ಕೆ ಕಾಲಿಟ್ಟ ಗರ್ಭಿಣಿಯನ್ನು ಹತ್ತಿಸುವುದಿಲ್ಲ. ರಾಯಲ್ ಕೆರಿಬಿಯನ್‌ನಂಥ ಕಂಪನಿಗಳ ನಿಯಮದ ಪ್ರಕಾರ ಪ್ರವಾಸದ ಯಾವ ದಿನವೂ 23 ವಾರ ಮೀರಿರಬಾರದು. ಅಂದರೆ ಹತ್ತುವ ದಿನದ ಲೆಕ್ಕ ಸಾಲದು, ಇಳಿಯುವ ದಿನದ ಲೆಕ್ಕವೂ ಬೇಕು. ಎಡವುವುದು ಇಲ್ಲೇ. ನಮ್ಮಲ್ಲಿ "ಎಷ್ಟು ತಿಂಗಳು?" ಅಂತ ಕೇಳುತ್ತಾರೆ, "ಐದು ತುಂಬ್ತು" ಅನ್ನುತ್ತಾರೆ. ಕೆಲವರು ಮುಟ್ಟು ತಪ್ಪಿದ ದಿನದಿಂದ ಎಣಿಸುತ್ತಾರೆ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಗೇ ನಾಲ್ಕು ವಾರ ವ್ಯತ್ಯಾಸ.

ಒಂದು ಉದಾಹರಣೆ ಹಾಕಿ ನೋಡಿ. ಕೊನೆಯ ಮುಟ್ಟಿನ ಮೊದಲ ದಿನ ಜೂನ್ 10 ಅಂದುಕೊಳ್ಳಿ. 18 ವಾರ ತುಂಬುವುದು ಅಕ್ಟೋಬರ್ 14ಕ್ಕೆ, 20 ವಾರ ಅಕ್ಟೋಬರ್ 28ಕ್ಕೆ, 23 ವಾರ ನವೆಂಬರ್ 18ಕ್ಕೆ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ಸಾಮಾನ್ಯವಾಗಿ 18ರಿಂದ 20 ವಾರದೊಳಗೆ ಆಗುತ್ತದೆ. ಮಾಸು (ಪ್ಲಾಸೆಂಟಾ) ಎಲ್ಲಿ ಕೂತಿದೆ ಅನ್ನುವುದೂ ಅದರಲ್ಲೇ ಕಾಣುವುದು. ಆ ರಿಪೋರ್ಟ್ ನೋಡದೆ ಸಮುದ್ರಕ್ಕೆ ಹೋಗುವುದು ಹುಚ್ಚುತನ. ಹಾಗಾಗಿ ಕೈಗೆ ಉಳಿಯುವುದು ಅಕ್ಟೋಬರ್ 28ರಿಂದ ನವೆಂಬರ್ 18ರವರೆಗಿನ ಮೂರೇ ವಾರ. ಎಷ್ಟೋ ವರ್ಷ ದೀಪಾವಳಿ ರೇಟೂ ಅದರಲ್ಲೇ ಬಂದು ಕೂರುತ್ತದೆ! ಮೊದಲ ಸ್ಕ್ಯಾನಿಂಗ್‌ನಲ್ಲಿ ಡಾಕ್ಟರು ತಾರೀಖು ತಿದ್ದಿದ್ದರೆ ಆ ತಾರೀಖೇ ಅಂತಿಮ. ಮುಟ್ಟಿನ ಲೆಕ್ಕ ಬಿಟ್ಟುಬಿಡಿ.

24 ಅನ್ನುವ ಗೆರೆ ಯಾಕೆ? ಆ ಹೊತ್ತಿಗೆ ಹುಟ್ಟಿದ ಮಗು ಬದುಕಬೇಕಾದರೆ ವೆಂಟಿಲೇಟರ್ ಇರುವ ಶಿಶು ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಬೇಕು. ಹಡಗಿನ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಇಸಿಜಿ, ಸಲೈನ್ ಇರುತ್ತವೆ. ಸಿಸೇರಿಯನ್ ಮಾಡುವ ಥಿಯೇಟರ್, ರಕ್ತನಿಧಿ, ಹೆರಿಗೆ ತಜ್ಞರು ಇರುವುದಿಲ್ಲ. ಬಿಲ್ ನೇರವಾಗಿ ರೂಮಿನ ಲೆಕ್ಕಕ್ಕೆ ಹೋಗುತ್ತದೆ, ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಎಷ್ಟೋ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಗಳು ಬಸುರಿಗೆ ಸಂಬಂಧಿಸಿದ ಖರ್ಚನ್ನು ಹೊರಗಿಟ್ಟಿರುತ್ತವೆ, ಆ ಸಣ್ಣ ಅಕ್ಷರ ಓದಿಯೇ ದುಡ್ಡು ಕಟ್ಟಿ.

ಅದಕ್ಕೇ ಲಕ್ಷದ್ವೀಪದ ಪ್ಯಾಕೇಜ್ ಬೇಡ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಆ ದ್ವೀಪಗಳು ಕೊಚ್ಚಿಯಿಂದ 220ರಿಂದ 440 ಕಿ.ಮೀ. ದೂರ. ಪರಿಸ್ಥಿತಿ ಬಿಗಡಾಯಿಸಿದರೆ ಅಲ್ಲಿನವರನ್ನೇ ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಒಯ್ಯುತ್ತಾರೆ. ಮೇಲಾಗಿ ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗುವುದಿಲ್ಲ. ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಯಬೇಕು, ಅಲೆ ಎದ್ದಾಗ ದೋಣಿ ಮೇಲೆ ಬರುತ್ತದೆ, ಇಳಿದಾಗ ಹೆಜ್ಜೆಯಡಿಯಿಂದ ಜಾರುತ್ತದೆ. ಹೊಟ್ಟೆ ಮುಂದೆ ಬಂದ ಹೆಂಗಸಿಗೆ ಮೈಯ ತೂಕವೇ ಬೇರೆ ಕಡೆ ವಾಲಿರುತ್ತದೆ, ಅಲ್ಲಿ ಕಾಲು ತಪ್ಪುವುದು ಸುಲಭ. ಅಕ್ಟೋಬರ್ ನಂತರ ಅರಬ್ಬಿ ಸಮುದ್ರ ಶಾಂತ ಅನ್ನುವುದನ್ನೂ ಪೂರ್ತಿ ನಂಬಬೇಡಿ. 2017ರಲ್ಲಿ ಒಖಿ ಚಂಡಮಾರುತ ಲಕ್ಷದ್ವೀಪಕ್ಕೆ ಅಪ್ಪಳಿಸಿದ್ದು ಡಿಸೆಂಬರ್ ಆರಂಭದಲ್ಲಿ. ಮುಂಬೈ–ಗೋವಾ ಎರಡು ರಾತ್ರಿಯ ಪ್ರವಾಸವಾದರೆ ದಡ ಹತ್ತಿರವೇ ಇರುತ್ತದೆ. ಅಷ್ಟು ಸಾಕು.

ದುಡ್ಡು ಸುರಿಯುವುದಿದ್ದರೆ ಮೇಲಿನ ಮಹಡಿಯ ಬಾಲ್ಕನಿ ರೂಮಿಗೆ ಸುರಿಯಬೇಡಿ. ಹಡಗು ತೊಟ್ಟಿಲ ಹಾಗೆ ತೂಗುವುದು ತುದಿಗಳಲ್ಲಿ ಮತ್ತು ಮೇಲೆ ಹೆಚ್ಚು, ನಡುವೆ ಕೆಳಗಿನ ಡೆಕ್‌ನಲ್ಲಿ ಕಡಿಮೆ. ಹಡಗಿನ ನಡುಭಾಗದ ರೂಮು ಅಂತಲೇ ಕೇಳಿ. ಕಿವಿಯೊಳಗಿನ ಸಮತೋಲನದ ಭಾಗ "ಅಲುಗಾಡ್ತಿದೀವಿ" ಅನ್ನುತ್ತದೆ, ಕಣ್ಣು "ಗೋಡೆ ನಿಂತೇ ಇದೆ" ಅನ್ನುತ್ತದೆ, ಈ ಜಗಳಕ್ಕೇ ವಾಂತಿ. ಡೆಕ್‌ಗೆ ಬಂದು ದಿಗಂತ ನೋಡುತ್ತಾ ಕೂತರೆ ಕಡಿಮೆಯಾಗುತ್ತದೆ, ಮೊಬೈಲ್ ನೋಡಿದರೆ ಹೆಚ್ಚಾಗುತ್ತದೆ. ಡಾಕ್ಸಿಲಮಿನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಬಸುರಿಯರ ವಾಂತಿಗೆ ಡಾಕ್ಟರು ಬರೆದುಕೊಡುವುದುಂಟು. ಅವರನ್ನು ಕೇಳಿ ಹಿಂದಿನ ರಾತ್ರಿಯೇ ಶುರು ಮಾಡಿ. ವಾಂತಿ ಹತ್ತಿದ ಮೇಲೆ ನುಂಗಿದ ಮಾತ್ರೆ ಹೊರಗೇ ಬೀಳುತ್ತದೆ. ಮೆಡಿಕಲ್ ಶಾಪಿನವನು ಕೊಟ್ಟ ಬಸ್ ಪ್ರಯಾಣದ ಮಾತ್ರೆ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುವವರಿಗೆ ಬೇಜಾರಿನ ಸುದ್ದಿ: ಮನೆಯಲ್ಲಿ ಮಾಡಿದ ತಿಂಡಿಯನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ಸೀಲ್ ಇರುವ ಬಿಸ್ಕತ್ತು, ಖಾಖ್ರಾ ಒಯ್ಯಬಹುದೇ ಅಂತ ಬುಕಿಂಗ್ ವೇಳೆಯೇ ಕೇಳಿಡಿ.

ಹಡಗಿನಲ್ಲಿ ವಾಂತಿ-ಭೇದಿ ತರುವ ನೊರೊವೈರಸ್ ಬೇಗ ಹರಡುತ್ತದೆ, ಸ್ಯಾನಿಟೈಸರ್‌ಗೆ ಅದು ಜಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಬೇಕು, ಬಫೆಯ ಸೌಟು ಮುಟ್ಟಿದ ಮೇಲೂ. ಓಆರ್‌ಎಸ್ ನಾಲ್ಕು ದೊಡ್ಡ ಪಾಕೀಟು ಇಟ್ಟುಕೊಳ್ಳಿ, ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಲೋಟಕ್ಕೆ ಪೂರ್ತಿ ಪಾಕೀಟು ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ಬೇರೆ ತೊಂದರೆ. ಹಸಿ ಮೀನು, ಅರೆಬೆಂದ ಮೊಟ್ಟೆ ಬೇಡ. ಬಿಸಿನೀರಿನ ಜಕುಝಿ, ಸೌನಾ, ಜೆಟ್ ಸ್ಕೀ, ಸ್ಕೂಬಾ ಇವನ್ನೂ ಬಿಡಿ.

ಮಾಸು ಕೆಳಗಿದೆ, ಅವಳಿ, ರಕ್ತ ಕಾಣಿಸಿತ್ತು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದೆ, ಬಿಪಿ ಇದೆ ಅನ್ನುವವರು ಟಿಕೆಟ್ ನೋಡುವುದೇ ಬೇಡ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ಭಾಗದಲ್ಲಿ ಇದನ್ನು "ಸ್ವಲ್ಪ ರಕ್ತ ಕಮ್ಮಿ ಐತಿ" ಅಂತ ಹಗುರವಾಗಿ ತಗೊಳ್ಳುತ್ತಾರೆ. 10ರ ಕೆಳಗಿದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಸರ್ಟಿಫಿಕೇಟ್. ವಿಮಾನಕ್ಕೆ ಬರೆದ ‘ಫಿಟ್ ಟು ಫ್ಲೈ’ ಚೀಟಿ ಇಲ್ಲಿ ಸಾಲದು. ಹೆರಿಗೆಯ ಅಂದಾಜು ತಾರೀಖು, ಹತ್ತುವ ದಿನ ಮತ್ತು ಇಳಿಯುವ ದಿನ ಎಷ್ಟು ವಾರ, ಒಂದೇ ಮಗುವೇ, ಸಮುದ್ರ ಪ್ರಯಾಣಕ್ಕೆ ತೊಂದರೆ ಇಲ್ಲವೇ, ಇಷ್ಟೂ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು, ರಿಜಿಸ್ಟರ್ ನಂಬರ್ ಸಮೇತ ಇಂಗ್ಲಿಷಿನಲ್ಲಿ ಇರಲಿ, ಹೊರಡುವ ವಾರದ ತಾರೀಖಿರಲಿ. ತಾಯಿ ಕಾರ್ಡಿನಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆ ಹೆಸರು ಇದ್ದರೆ ಕೌಂಟರಿನಲ್ಲಿ ತಕರಾರು ಏಳುತ್ತದೆ. ಸರ್ಟಿಫಿಕೇಟ್ ಆಧಾರ್ ಹೆಸರಿನಲ್ಲೇ ಬರೆಸಿ.

ತಮಾಷೆ ಅಂದರೆ, ಹಡಗು ಅಂದರೆ ಬೆಚ್ಚುವ ಮನೆಯವರೇ ಹಂಪಿ ಹತ್ತಿರದ ಸಾಣಾಪುರ ಕೆರೆಗೆ ಕರೆದೊಯ್ದು ಬಸುರಿಯನ್ನು ಹರಿಗೋಲಿನಲ್ಲಿ ಮೊಣಕಾಲು ಮಡಚಿ ಕೂರಿಸುತ್ತಾರೆ. ಅಂಬಿಗ ಖುಷಿಗೆ ಗರಗರ ತಿರುಗಿಸುತ್ತಾನೆ. ತಲೆಸುತ್ತು ಬರಿಸುವುದರಲ್ಲಿ ಯಾವ ಹಡಗೂ ಅದಕ್ಕೆ ಸಾಟಿಯಿಲ್ಲ.

ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಅನುಕೂಲ. ಅದು ಮುಟ್ಟುವ ಮುಂಬೈ ಸ್ಟೇಷನ್ ಸಿಎಸ್‌ಎಂಟಿಯಿಂದ ಹಡಗು ಹೊರಡುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ತೀರಾ ಹತ್ತಿರ. ಅರ್ಧ ದಿನಕ್ಕೂ ಮೀರಿದ ದಾರಿ, ಹಿಂದಿನ ದಿನವೇ ಮುಂಬೈ ಸೇರಿ ಮಲಗಬೇಕು. ಬಸುರಿಯಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಹಾಗಾಗಿ ಗಂಟೆ-ಎರಡು ಗಂಟೆಗೊಮ್ಮೆ ಎದ್ದು ಬೋಗಿಯಲ್ಲಿ ಅಡ್ಡಾಡಿ. ಗರ್ಭಿಣಿಯರಿಗೆ ರೈಲ್ವೆಯಲ್ಲಿ ಲೋವರ್ ಬರ್ತ್ ಕೋಟಾ ಇದೆ, ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿಗೆ ಡಾಕ್ಟರ ಚೀಟಿ ಒಯ್ದು ಕೇಳಿ. ವಾಪಸ್ ಟಿಕೆಟ್ಟನ್ನೂ ಅದೇ ಹೊತ್ತಿಗೆ ಅದೇ ಕೋಟಾದಲ್ಲಿ ಮಾಡಿಸಿ.