ಸಾಲಕ್ಕಿಂತ ಅದನ್ನು ಮುಚ್ಚಿಡುವುದೇ ದೊಡ್ಡ ತಪ್ಪು

ನಾನಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಇಲ್ಲಿ ಪರಿಚಯದ ಕನ್ನಡದ ಹುಡುಗನೊಬ್ಬನಿಗೆ ಈಚೆಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡುವ ಕೆಲಸಕ್ಕೆ ಬೇಕಾದ ಅನುಮತಿ, ಸಿಕ್ಕಿತು. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ಅವನ ಕ್ರೆಡಿಟ್ ಕಾರ್ಡ್ ಬಾಕಿ ವಸೂಲಿಯವರ ಕೈಗೆ ಹೋಗಿತ್ತು. ಆದರೂ ಕೊಟ್ಟರು. ಕೇಳಿ ತುಂಬಾ ಖುಷಿಯಾಯಿತು.

ಅರ್ಜಿ ತುಂಬುವಾಗ ಅವರ ಮನೆಯಲ್ಲಿ ರಂಪವೇ ಆಗಿತ್ತು. "ಸಾಲದ ವಿಷಯ ಯಾಕೋ ಬರೀತೀಯ? ಮರ್ಯಾದೆ ಏನಾಗುತ್ತೆ?" ಅಂತ ಅವರಮ್ಮ. ಹುಡುಗ ಕೇಳಲಿಲ್ಲ, ಎಲ್ಲವನ್ನೂ ಬರೆದ. ಎಸ್‌ಎಫ್-86 ಅನ್ನುವ ಆ ಅರ್ಜಿ ನೇರವಾಗಿ ಕೇಳುತ್ತದೆ: ಕಳೆದ 7 ವರ್ಷಗಳಲ್ಲಿ ದಿವಾಳಿ ಅರ್ಜಿ ಹಾಕಿದ್ದೀರಾ, ತೆರಿಗೆ ಕಟ್ಟದೆ ಬಿಟ್ಟಿದ್ದೀರಾ, ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಬಿದ್ದಿತ್ತಾ? ಗೊತ್ತಿದ್ದೂ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲಾಗಬಹುದು. ಹೇಗಿದ್ದರೂ ತನಿಖೆಯವರು ಸಾಲದ ದಾಖಲೆಯಾದ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡುತ್ತಾರೆ.

ಸಾಲದಲ್ಲಿರುವವನು ದುಡ್ಡಿಗಾಗಿ ಗುಟ್ಟು ಮಾರಿಯಾನು ಅನ್ನುವ ಸರ್ಕಾರದ ಭಯಕ್ಕೆ ಕಾರಣ ಇದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ಸಾಲದ ಒತ್ತಡದಲ್ಲಿ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಗುಟ್ಟುಗಳನ್ನು ಮಾರಲು ಶುರು ಮಾಡಿದ. ಆಮೇಲೆ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟೇ ಕೊಂಡ. ಸಿಕ್ಕಿಬಿದ್ದದ್ದು 1994ರಲ್ಲಿ.

ಆದರೂ 2017ರಿಂದ ಜಾರಿಯಲ್ಲಿರುವ ನಿಯಮ ಸಾಲದ ಮೊತ್ತ ನೋಡಿ ಬಾಗಿಲು ಹಾಕುವುದಿಲ್ಲ. ಸಾಲ ಯಾಕಾಯಿತು? ಕೆಲಸ ಹೋಯಿತಾ, ಕಾಯಿಲೆಯಾ, ವಿಚ್ಛೇದನವಾ? ಆಮೇಲೆ ನೀವೇನು ಮಾಡಿದಿರಿ? ಕಂತು ಕಟ್ಟುತ್ತಿದ್ದೀರಾ? ಇದನ್ನೆಲ್ಲ ತೂಗುತ್ತಾರೆ. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳ ನೌಕರರ ಪ್ರಕರಣಗಳಲ್ಲಿ ಬಂದ ತೀರ್ಪುಗಳನ್ನು ಹೆಸರು ತೆಗೆದು ಪ್ರಕಟಿಸುತ್ತಾರೆ. ನಾನು ಕೆಲವನ್ನು ಓದಿದ್ದೇನೆ. ದೊಡ್ಡ ಸಾಲ ಇದ್ದೂ ರಸೀದಿ ಹಿಡಿದು ಬಂದವರು ಗೆದ್ದಿದ್ದಾರೆ. ನೋಟಿಸ್ ಬರುವವರೆಗೂ ಸುಮ್ನೆ ಕೂತವರು ಸೋತಿದ್ದಾರೆ.

ನಮ್ಮಲ್ಲಿ? ನನ್ನ ದೊಡ್ಡಪ್ಪ ಮಗಳ ಮದುವೆಗೆ ಮಾಡಿದ ಸಾಲ ದೊಡ್ಡಮ್ಮನಿಗೆ ಗೊತ್ತಾದದ್ದು ಬಾಗಿಲಿಗೆ ಹರಾಜಿನ ನೋಟಿಸ್ ಅಂಟಿಸಿದ ದಿನ. ಅದಕ್ಕೂ ಮೊದಲು ಮನೆಯಲ್ಲಿ ಒಂದು ಮಾತಿಲ್ಲ. ಮದುವೆಯಲ್ಲಿ ಮಾತ್ರ ಚಪ್ಪರ, ವಾದ್ಯ, ಹೋಳಿಗೆ ಊಟ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಒಂದು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಅರ್ಧ ತೋಟವಾದರೂ ಉಳಿಯುತ್ತಿತ್ತು. ಹೀಗೆ ಮುಚ್ಚಿಟ್ಟು ಒಳಗೊಳಗೇ ಬೆಂದ ಮನೆಗಳು ನಮ್ಮೂರಲ್ಲಿ ಒಂದೆರಡಲ್ಲ. ಈ ಮರ್ಯಾದೆ ಯಾರನ್ನು ಉಳಿಸಿತು ಹೇಳಿ? ನನಗೆ ಈಗಲೂ ಸಿಟ್ಟು ಬರುತ್ತದೆ.

ಭಾರತದಲ್ಲಿ ಸಾಲದ ಬಗ್ಗೆ ನಿಯಮವೇ ಇಲ್ಲ ಅಂತಲ್ಲ. ಸದಾ ಸಾಲದಲ್ಲಿ ಮುಳುಗಿರಬಾರದು ಅಂತ ನಮ್ಮ ಕೇಂದ್ರ ಸರ್ಕಾರಿ ನೌಕರರಿಗೂ 1964ರ ನಡತೆ ನಿಯಮಗಳು ಹೇಳುತ್ತವೆ. ಮತ್ತೆ ಇಲ್ಲಿ, ವಿಮೆ ಇದ್ದೂ ಆಸ್ಪತ್ರೆ ಬಿಲ್ಲು ಕಟ್ಟಲಾಗದೆ ಬಾಕಿ ಬಿದ್ದವರು ಎಷ್ಟೋ ಜನ. ಕ್ಲಿಯರೆನ್ಸ್ ಬೇಕಿದ್ದರೆ ಆ ಬಿಲ್ಲಿಗೂ ಅವರು ಇದೇ ಅರ್ಜಿಯಲ್ಲಿ ಲೆಕ್ಕ ಕೊಡಬೇಕು. ಊರಲ್ಲಾಗಿದ್ದರೆ ಸೋದರಮಾವನೋ ಭಾವನೋ ಕಾಗದ, ಬಡ್ಡಿ ಕೇಳದೆ ಕೈಸಾಲ ಕೊಟ್ಟು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುತ್ತಿದ್ದರು. ಅಂಥವರು ಇಲ್ಲಿ ನಮಗೆ ಯಾರಿದ್ದಾರೆ? ಅದನ್ನು ಒಪ್ಪಲೇಬೇಕು.