ಸತ್ಯಾಂಶ: ಬೂಸ್ಟ್ ಹೆಚ್ಚಿದ್ದಷ್ಟೂ ಸೂಪರ್‌ಚಾರ್ಜರ್ ಒಳ್ಳೆಯದೇ?

‘ಯಾವುದರ ಬೂಸ್ಟ್ ಜಾಸ್ತಿಯೋ ಆ ಸೂಪರ್‌ಚಾರ್ಜರನ್ನೇ ಹಾಕಿಸಿ, ಕಾರು ಅಷ್ಟು ಜೋರಾಗಿ ಓಡುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿನ ಬೆಲ್ಟ್‌ನಿಂದ ತಿರುಗುತ್ತಾ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪ್. ಬೂಸ್ಟ್ ಎಂದರೆ ಇಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡ, ಅಷ್ಟೆ. ಶಕ್ತಿ ನಿಂತಿರುವುದು ಸಿಲಿಂಡರ್ ಸೇರುವ ಗಾಳಿ ಎಷ್ಟು ತೂಗುತ್ತದೆ ಎಂಬುದರ ಮೇಲೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದರೆ ವಿರಳವಾಗುತ್ತದೆ, ಜೊತೆಗೆ ಇಂಜಿನ್ ನಾಕಿಂಗ್ (ಇಂಧನ ತಪ್ಪು ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದು) ಭಯ. ಒಳ್ಳೆಯ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಇರುವ 7 ಪಿಎಸ್‌ಐ (ಒತ್ತಡದ ಅಳತೆ) ಬೂಸ್ಟ್, ಅದಿಲ್ಲದ 9 ಪಿಎಸ್‌ಐಯನ್ನು ಮೀರಿಸಬಹುದು.

ದಿನವೂ ಓಡಿಸುವ ಕಾರಿಗೆ ಇನ್ನೂ ಮುಖ್ಯವಾದದ್ದು ಬೂಸ್ಟ್ ಯಾವಾಗ ಸಿಗುತ್ತದೆ ಎಂಬುದು. ಸೆಂಟ್ರಿಫ್ಯೂಗಲ್ ಬಗೆಯ (ಚಕ್ರ ವೇಗವಾಗಿ ತಿರುಗಿ ಗಾಳಿಯನ್ನು ಹೊರಕ್ಕೆ ಎಸೆಯುವ) ಸೂಪರ್‌ಚಾರ್ಜರ್‌ನಲ್ಲಿ ಒತ್ತಡ ಇಂಜಿನ್ ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ: 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ಸುತ್ತು) 10 ಪಿಎಸ್‌ಐ ಇದ್ದರೆ 3000ದಲ್ಲಿ ಸುಮಾರು ಎರಡೂವರೆ ಮಾತ್ರ. ಎರಡು ರೋಟರ್‌ಗಳಿಂದ ಗಾಳಿ ತಳ್ಳುವ ರೂಟ್ಸ್, ಟ್ವಿನ್ ಸ್ಕ್ರೂ ಬಗೆಗಳು ಕಡಿಮೆ ಆರ್‌ಪಿಎಂನಲ್ಲೇ ಎಳೆತ ಕೊಡುತ್ತವೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಕಾರಿಗೆ ನನ್ನ ಮಟ್ಟಿಗೆ ಇವೇ ಹೊಂದುತ್ತವೆ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಸೆಂಟ್ರಿಫ್ಯೂಗಲ್ ಕೂಡ ಒಳ್ಳೆಯ ಆಯ್ಕೆ.

ಬೈಪಾಸ್ ವಾಲ್ವ್ ಇದೆಯೇ ಎಂದು ತಪ್ಪದೆ ಕೇಳಿ. ನಿಧಾನವಾಗಿ ಹೋಗುವಾಗ ಅದು ಗಾಳಿಯನ್ನು ಹಿಂದಕ್ಕೆ ಸುತ್ತಿಸಿ ಬೆಲ್ಟ್ ಮೇಲಿನ ಹೊರೆ ಇಳಿಸುತ್ತದೆ. ಇಂಧನದ ಆಕ್ಟೇನ್‌ಗೆ (ನಾಕಿಂಗ್ ತಡೆಯುವ ಗುಣದ ಅಳತೆ) ತಕ್ಕಂತೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಮಾಡಿಸದೆ ಯಾವುದನ್ನೂ ಓಡಿಸಬೇಡಿ, ಪಿಸ್ಟನ್ ಹಾಳಾಗಬಹುದು.